ತೊಂಬತ್ತು ಗ್ರಾಂ ನೀರು

ಉಮಾಮಹೇಶ್ವರ ಭಟ್ಟರು ಗ್ರಾಹಕ ಎಚ್ಚರಿಕಾ ವೇದಿಕೆಯ ಅಧ್ಯಕ್ಷರಾದದ್ದು ಅವರ ತಪ್ಪಲ್ಲ. ಕೊಪ್ಪದಲ್ಲಿ ನಡೆದ ಆ ಸಭೆಗೆ ಬಂದವರು ಐದು ಜನ. ಮೂವರು ಕಾಫಿ ಕುಡಿದು ಎದ್ದುಹೋದರು. ಉಳಿದ ಇಬ್ಬರಲ್ಲಿ ಕಾರ್ತಿಕ ಎಂಬವನು ತಾನು ಕಾರ್ಯದರ್ಶಿಯಾಗುವುದಾಗಿ ಮೊದಲೇ ಘೋಷಿಸಿಬಿಟ್ಟಿದ್ದ. ಪ್ರಜಾಪ್ರಭುತ್ವಕ್ಕೆ ಬೇರೆ ದಾರಿ ಉಳಿದಿರಲಿಲ್ಲ.

ಕಾರ್ತಿಕ ಊರಿನ ಕೃಷಿ ಸಹಕಾರಿ ಸೊಸೈಟಿಯ ನಿರ್ದೇಶಕ. ಸೊಸೈಟಿಗೆ ಸ್ವಂತದ ಗೊಬ್ಬರದ ಅಂಗಡಿಯಿತ್ತು. ವೇದಿಕೆಯ ಮೊಬೈಲ್ ಗ್ರೂಪನ್ನು ನಡೆಸುವವನೂ ಅವನೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ನಾನೂರಾ ಹನ್ನೆರಡು ಮಂದಿ ಅದರಲ್ಲಿದ್ದರು. ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಹೂವಿನ ಚಿತ್ರ ಕಳಿಸಿಕೊಂಡು ಎಚ್ಚರವಾಗಿರುತ್ತಿದ್ದರು.

ಅಧ್ಯಕ್ಷರಾದ ಮರುದಿನವೇ ಭಟ್ಟರು ರಬ್ಬರ್ ಸ್ಟಾಂಪ್ ಮಾಡಿಸಿದರು. ಸ್ಟಾಂಪ್ ಬಂದಮೇಲೆ ಅದನ್ನು ಒತ್ತಲು ಒಂದು ಅನ್ಯಾಯ ಬೇಕಲ್ಲ? ಎರಡು ವಾರ ಹುಡುಕಿದರು. ಬಿಸ್ಕತ್ತಿನ ಪೊಟ್ಟಣ ಓದಿದರು, ಊದುಬತ್ತಿಯ ಪೆಟ್ಟಿಗೆ ಓದಿದರು. ಎಲ್ಲವೂ ನೆಟ್ಟಗಿದ್ದು ಅವರಿಗೆ ಬೇಸರ ತಂದವು. ಕೊನೆಗೆ ಮೇ ತಿಂಗಳ ಮೂರನೆಯ ವಾರದಲ್ಲಿ ಅಡಿಕೆಗೆ ಹೊಡೆಯುವ ಔಷಧಿಗೆಂದು ಮೈಲುತುತ್ತ ತರಲು ಅಬ್ದುಲ್ ಸಲಾಮರ ಅಂಗಡಿಗೆ ಹೋದವರು ಚೀಲದ ಮೇಲಿನ ಸಣ್ಣ ಅಕ್ಷರಗಳಿಗೆ ಕನ್ನಡಕ ಹಿಡಿದು ನಿಂತುಬಿಟ್ಟರು.

"ಸಾಬ್ರೇ, ಇದ್ರಲ್ಲಿ ತಾಮ್ರ ಶೇಕಡಾ ಇಪ್ಪತ್ನಾಲ್ಕೇ ಇರೋದಾ?"

"ಹೌದು ಭಟ್ರೆ. ಯಾವ ಕಂಪನಿದು ತಗೊಂಡ್ರೂ ಅಷ್ಟೇ."

"ಹಾಗಾದ್ರೆ ಉಳಿದ ಎಪ್ಪತ್ತಾರು ಎಂತ?"

ಇಪ್ಪತ್ತೆಂಟು ವರ್ಷ ತುತ್ತ ಮಾರಿದ ಸಲಾಮರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರಿಗೆ ಖುಷಿಯಾಯಿತು. ಮಗಳು ರುಹಿ ಶೃಂಗೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಊಟಕ್ಕೆ ಕೂತಾಗ ಅವಳು ಹೇಳಿದ್ದೆಲ್ಲ ನೆನಪಿತ್ತು.

"ಗಂಧಕ ಉಂಟು, ಆಮ್ಲಜನಕ ಉಂಟು. ಮತ್ತೆ ನೀರು."

"ನೀರಾ?"

"ನೀರೇ. ಮೂರ್ನೇ ಒಂದು ಪಾಲಿಗಿಂತ ಜಾಸ್ತಿ ನೀರೇ ಅಂತೆ."

"ಇದು ಒಣಗಿದ ಹರಳಲ್ವಾ ಮಾರಾಯ್ರೆ! ಕೈಗೆ ಪಸೆ ಹತ್ತೋದಿಲ್ಲ. ಇದಕ್ಕೆ ನೀರು ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ಇದ್ದೇ ಇರ್ತದಂತೆ ಒಳಗೆ," ಎಂದು ಸಲಾಮರು ನಕ್ಕರು.

ಸಲಾಮರ ಮೊದಲನೆಯ ತಪ್ಪು ನಿಜ ಹೇಳಿದ್ದು. ಎರಡನೆಯದು ಅದನ್ನು ನಗುತ್ತಾ ಹೇಳಿದ್ದು. ಪಕ್ಕದ ಕ್ಯಾಂಟೀನಿನ ಜಲಜಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಭಟ್ಟರಿಗೆ ಸಾಕ್ಷಿಯೂ ಸಿಕ್ಕಿದಂತಾಯಿತು.

ಮನೆಗೆ ಬಂದವರೇ ಭಟ್ಟರು ಕಾಲು ಕಿಲೋ ತುತ್ತ ತೂಗಿ, ಕುಟ್ಟಿ ಪುಡಿ ಮಾಡಿ ಒಲೆಯ ಮೇಲಿಟ್ಟರು. ಮೇಲೊಂದು ಸ್ಟೀಲಿನ ತಟ್ಟೆ ಮುಚ್ಚಿದರು. ಸ್ವಲ್ಪ ಹೊತ್ತಿಗೆ ತಟ್ಟೆಯ ಅಡಿಯಲ್ಲಿ ಹನಿಗಳು ಕಟ್ಟಿದವು. ನವಿಲಿನ ಕತ್ತಿನ ಹಾಗೆ ಹೊಳೆಯುತ್ತಿದ್ದ ನೀಲಿ ಪುಡಿ ಅಂಚಿನಿಂದ ಬಿಳಿಚಿಕೊಳ್ಳುತ್ತಾ ಬಂದು ಕೊನೆಗೆ ಮೈದಾಹಿಟ್ಟಿನಂತಾಯಿತು. ಆರಿಸಿ ತೂಗಿದರೆ ನೂರಾ ಅರವತ್ತು ಗ್ರಾಂ!

"ತೊಂಬತ್ತು ಗ್ರಾಂ ನೀರು!" ಎಂದು ಭಟ್ಟರು ಕೂಗಿದರು.

ಹೆಂಡತಿ ಸುಬ್ಬಲಕ್ಷ್ಮಿ ಅಡುಗೆಮನೆಗೆ ಓಡಿಬಂದರು. ಅವರ ಕಣ್ಣು ಬಿದ್ದದ್ದು ನೀರಿನ ಮೇಲಲ್ಲ.

"ಎಂತದ್ರೀ ಇದು! ನನ್ನ ದೋಸೆ ಕಾವಲಿ ಅಲ್ದಾ?"

"ಪ್ರಯೋಗ ಮಾಡ್ತಾ ಇದ್ದೆ."

"ತುತ್ತ ಅಂದ್ರೆ ವಿಷ ಅಂತ ಸಣ್ಣ ಮಕ್ಕಳಿಗೂ ಗೊತ್ತು. ನಾಳೆ ಇದ್ರಲ್ಲಿ ದೋಸೆ ಹೊಯ್ದು ನಿಮಗೇ ಬಡಿಸ್ತೆ, ಪ್ರಯೋಗ ಪೂರ್ತಿ ಆಗ್ಲಿ."

"ನೀ ಸ್ವಲ್ಪ ಸುಮ್ಮನಿರು. ಮೂರು ತಾಲ್ಲೂಕಿನ ರೈತರ ಪ್ರಶ್ನೆ."

"ಮೂರು ತಾಲ್ಲೂಕಲ್ಲಿ ಬೇರೆ ಯಾರ ಮನೇಲೂ ಕಾವಲಿ ಇರ್ಲಿಲ್ವಾ?"

ಈ ಸಂಭಾಷಣೆಯ ಹಿನ್ನೆಲೆಯಲ್ಲೇ ವಿಡಿಯೋ ತಯಾರಾಯಿತು. ಪೇಟೆಯ ಒಂದು ಅಂಗಡಿಯಲ್ಲಿ ಕೊಂಡ ತುತ್ತದಲ್ಲಿ ನೀರು ಬೆರೆತಿದೆ, ಅಂಗಡಿಯವರೇ ಒಪ್ಪಿಕೊಂಡಿದ್ದಾರೆ ಎಂದು ಭಟ್ಟರು ಗಂಭೀರವಾಗಿ ಹೇಳಿದರು. ಅಂಗಡಿಯ ಹೆಸರು ಹೇಳಲಿಲ್ಲ. ಅಧ್ಯಕ್ಷರಾದವರಿಗೆ ಒಂದು ಘನತೆ ಇರಬೇಕು ಎಂಬುದು ಅವರ ನಂಬಿಕೆ. ಕಾರ್ತಿಕನಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಅವನು ವಿಡಿಯೋದ ಕೆಳಗೆ ಒಂದೇ ಸಾಲು ಸೇರಿಸಿದ: "ಸಲಾಂ ಅಂಗಡಿ. ಯಾರ ಅಂಗಡಿ ಅಂತ ನೋಡಿಕೊಂಡು ಕೊಳ್ಳಿ."

ಆಮೇಲೆ ವಿಡಿಯೋ ಬಸ್ಸಿಗಿಂತ ಬೇಗ ಓಡಾಡಿತು. ಶೃಂಗೇರಿ ಮುಟ್ಟುವಾಗ ಅದು ಉಪ್ಪುನೀರಾಗಿತ್ತು. ನೆಮ್ಮಾರಿನಲ್ಲಿ ಚರಂಡಿ ನೀರಾಯಿತು. ಬಸರೀಕಟ್ಟೆಯ ಜೀಪ್ ಸ್ಟ್ಯಾಂಡಿನಲ್ಲಿ ಅದು ತುತ್ತವೇ ಅಲ್ಲ, ಕಲ್ಲುಸಕ್ಕರೆಗೆ ಇಂಕು ಹಚ್ಚಿದ್ದು ಎಂದು ತೀರ್ಮಾನವಾಯಿತು. ಮುತ್ತಿನಕೊಪ್ಪದಲ್ಲಿ ಒಬ್ಬರು, ಆ ನೀರು ಅಡಿಕೆ ಮರದ ಬೇರಿಗಿಳಿದರೆ ಏಳು ವರ್ಷ ಹಿಂಗಾರ ಬಿಡುವುದಿಲ್ಲ ಎಂದು ಧ್ವನಿ ಸಂದೇಶ ಕಳಿಸಿದರು. ತೋಟಕ್ಕೆ ಹೊಡೆಯುವಾಗ ಒಂದು ಕಿಲೋ ತುತ್ತಕ್ಕೆ ನೂರು ಲೀಟರ್ ನೀರು ತಾವೇ ಹಾಕುತ್ತೇವೆಂಬುದು ಆ ನಾನೂರಾ ಹನ್ನೆರಡು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬಾರದೆಂದು ನಿರ್ಧರಿಸಿದ ತಲೆಗೆ ಯಾವ ದೇವರು ದೀಪ ಹಿಡಿಯುತ್ತಾನೆ?

ಸಲಾಮರ ಅಂಗಡಿಯ ಎದುರು ಮೇ ತಿಂಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಒಂದು ನಾಯಿ ಉದ್ದಕ್ಕೆ ಮಲಗಿತ್ತು. ಜಲಜಮ್ಮ ಹಾಲಿನ ಪಾತ್ರೆ ಹಿಡಿದುಕೊಂಡೇ ಬಂದು ಸಮಾಧಾನ ಹೇಳಿದಳು.

"ಇಪ್ಪತ್ತು ವರ್ಷದಿಂದ ನಾನು ಹಾಲಿಗೆ ಹಾಕೋ ನೀರಿಗೆ ಒಬ್ನೂ ವಿಡಿಯೋ ಮಾಡ್ಲಿಲ್ಲ ಸಾಬ್ರೆ. ನಿಮ್ಮ ಕಲ್ಲೊಳಗಿನ ನೀರು ಹುಡುಕ್ಕೊಂಡು ಬಂದ್ರಲ್ಲ!"

ನಾಲ್ಕನೆಯ ದಿನ ಕೃಷಿ ಇಲಾಖೆಯ ಪರಿಶೀಲನಾಧಿಕಾರಿ ನಿತೀಶ್ ಜೀಪಿನಲ್ಲಿ ಬಂದರು. ಕೈಯಲ್ಲಿ ಭಟ್ಟರ ಸ್ಟಾಂಪ್ ಒತ್ತಿದ ದೂರು, ಬಗಲಲ್ಲಿ ಅರಗು ಮತ್ತು ದಾರ. ಹಿಂದೆ ಭಟ್ಟರು, ಅವರ ಹಿಂದೆ ಮೊಬೈಲ್ ಎತ್ತಿ ಹಿಡಿದ ಕಾರ್ತಿಕ. ರುಹಿ ಅಂದು ರಜೆ ಹಾಕಿ ಅಂಗಡಿಯಲ್ಲೇ ಕಾದಿದ್ದಳು.

"ನೀರು ಉಂಟು ಅಂತ ಒಪ್ಕೊಳ್ತೀರಾ?" ಎಂದು ನಿತೀಶ್ ಫಾರಂ ತೆರೆದರು.

"ಉಂಟು ಸರ್," ಎಂದರು ಸಲಾಮರು.

"ಒಳ್ಳೇದು. ಬೆರೆಸಿದ ದಿನಾಂಕ?"

"ಸರ್, ಯಾರೂ ಬೆರೆಸಿದ್ದಲ್ಲ," ಎಂದು ರುಹಿ ಮುಂದೆ ಬಂದಳು. "ಇದು ಮಿಶ್ರಣ ಅಲ್ಲ, ಸಂಯುಕ್ತ. ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಮ್ಲಜನಕ. ಅದರ ಜೊತೆಗೆ ಐದು ನೀರಿನ ಅಣು ಹಿಡ್ಕೊಂಡೇ ಹರಳು ಕಟ್ಟೋದು. ಆ ನೀರು ಇದ್ರೇನೇ ಅದು ಮೈಲುತುತ್ತ. ತೆಗೆದ್ರೆ ಬಣ್ಣವೇ ಹೋಗ್ತದೆ."

"ಫಾರಂನಲ್ಲಿ ಮಿಶ್ರಣ ಅಂತ ಮಾತ್ರ ಇರೋದು ಮೇಡಂ. ಸಂಯುಕ್ತಕ್ಕೆ ಕಾಲಂ ಇಲ್ಲ."

"ಕಾಲಂ ಇಲ್ಲದಿದ್ರೆ ವಸ್ತು ಇಲ್ವಾ ಸರ್?"

"ಇರ್ಬಹುದು. ಆದ್ರೆ ನಮ್ಮ ಇಲಾಖೆಗೆ ಬರೋದಿಲ್ಲ. ಐದು ಅಣು ಹಾಕಿದ್ದು ಯಾರು ಅಂತಾದ್ರೂ ಹೇಳಿ, ಬರ್ಕೊಳ್ತೇನೆ."

ರುಹಿಯ ತಾಳ್ಮೆ ತರಗತಿಯಲ್ಲಿ ಪಳಗಿದ್ದು. ಅವಳು ಕಾಲೇಜಿನಲ್ಲಿ ಕಾಯಿಸಿ ತಂದ ಬಿಳಿ ಪುಡಿಯನ್ನು ಬಟ್ಟಲಿಗೆ ಸುರಿದಳು. "ಇಲ್ಲಿ ನೋಡಿ. ನೀರು ತೆಗೆದ ತುತ್ತ ಇದು. ಈಗ ನೀರು ವಾಪಸ್ ಕೊಡ್ತೇನೆ," ಎಂದು ನಾಲ್ಕು ಹನಿ ಬಿಟ್ಟಳು. ಪುಡಿ ಸುಂಯ್ ಎಂದು ಬಿಸಿಯಾಗಿ ಕ್ಷಣದಲ್ಲಿ ನೀಲಿಯಾಯಿತು. ನಾಯಿ ಕೂಡ ಎದ್ದು ನೋಡಿತು.

ನಿತೀಶ್ ಪೆನ್ನಿನ ಮುಚ್ಚಳ ತೆಗೆದರು. "ನಮ್ಮೆದುರೇ ನೀರು ಹಾಕಿ ನೀಲಿ ಮಾಡಿ ತೋರಿಸಿದ್ರಲ್ಲ! ಪಂಚನಾಮೆಗೆ ಇಷ್ಟು ಸಾಕು."

"ಸರ್, ನಾನು ತೋರಿಸಿದ್ದು ತತ್ತ್ವ!"

"ವಿಧಾನ," ಎಂದು ನಿತೀಶ್ ತಿದ್ದಿದರು. "ಕಲಬೆರಕೆಯ ವಿಧಾನ. ಮಾಲೀಕರ ಮಗಳಿಂದಲೇ ಪ್ರಾತ್ಯಕ್ಷಿಕೆ. ಸಹಿ ಹಾಕಿ."

ಕಾರ್ತಿಕ ಎಲ್ಲವನ್ನೂ ಚಿತ್ರೀಕರಿಸಿಕೊಂಡ. ಮರುದಿನ ರುಹಿ ತರಗತಿಗೆ ಹೋದರೆ ಹಿಂದಿನ ಬೆಂಚಿನವರು ಅವಳಿಗೆ ಅವಳದೇ ವಿಡಿಯೋ ತೋರಿಸಿದರು. ಅದಕ್ಕೆ ಯಾರೋ ಢಣ ಢಣ ಸಂಗೀತ ಹಾಕಿದ್ದರು.

ಇತ್ತ ಗೋದಾಮಿಗೆ ಅರಗಿನ ಮುದ್ರೆ ಬಿತ್ತು. ತುತ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ನಲವತ್ತೈದು ದಿನ. ಸಲಾಮರ ಲೈಸೆನ್ಸ್ ನವೀಕರಣ ಜೂನ್ ಐದಕ್ಕೆ, ಅಂದರೆ ಇನ್ನು ಹತ್ತು ದಿನಕ್ಕೆ. ಮುದ್ರೆ ಬಿದ್ದ ಅಂಗಡಿಗೆ ನವೀಕರಣವಿಲ್ಲ. ಲೈಸೆನ್ಸ್ ಹೋದರೆ ಅಪ್ಪನ ಕಾಲದಿಂದ ನಡೆದ ಅಂಗಡಿ ಮುಚ್ಚಿದ ಹಾಗೆಯೇ.

ಅಧ್ಯಕ್ಷರಿಗೂ ಒಂದು ತೋಟವಿತ್ತಲ್ಲ. ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯದಿದ್ದರೆ ಕೊಳೆರೋಗ ಅಧ್ಯಕ್ಷರ ಅಡಿಕೆ, ಸದಸ್ಯರ ಅಡಿಕೆ ಎಂದು ನೋಡುವುದಿಲ್ಲ. ಭಟ್ಟರು ಸೊಸೈಟಿಗೆ ಹೋಗಿ ತುತ್ತ ತಂದರು. ಈ ಸಲ ಸುಬ್ಬಲಕ್ಷ್ಮಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತದ್ದರಿಂದ ಬಚ್ಚಲ ಒಲೆಯಲ್ಲಿ, ಹಾಳಾದ ಅದೇ ಕಾವಲಿಯಲ್ಲಿ ಕಾಲು ಕಿಲೋ ಕಾಯಿಸಿದರು. ಶುದ್ಧ ತುತ್ತ ಹೇಗೆ ನೀಲಿಯಾಗಿಯೇ ಉಳಿಯುತ್ತದೆಂದು ಲೋಕಕ್ಕೆ ತೋರಿಸುವುದು ಅವರ ಉದ್ದೇಶ.

ಅದು ಬಿಳಿಯಾಯಿತು. ತೂಗಿದರು. ನೂರಾ ಅರವತ್ತು. ತಕ್ಕಡಿ ಒರೆಸಿ ತೂಗಿದರು. ನೂರಾ ಅರವತ್ತು. ಹೆಂಡತಿಯನ್ನು ಕರೆದು ತೂಗಿಸಿದರು.

"ನೂರಾ ಅರವತ್ತು. ನಾನು ತೂಗಿದ್ರೆ ಜಾಸ್ತಿ ಬತ್ತಾ?" ಎಂದರು ಸುಬ್ಬಲಕ್ಷ್ಮಿ. "ಆ ಕೂಸು ಮೊನ್ನೆ ಅಷ್ಟು ಚೆಂದ ಮಾಡಿ ಹೇಳಿತು. ನನಗೆ ಮೊಬೈಲಲ್ಲಿ ನೋಡೇ ಅರ್ಥ ಆಯ್ತು. ಎದುರಿಗೆ ನಿಂತಿದ್ದ ನಿಮಗೆ ಎಂತ ಆಗಿತ್ತು?"

ಭಟ್ಟರಲ್ಲಿ ಒಂದು ದೊಡ್ಡ ದೋಷವಿತ್ತು: ಅವರು ಮೂಲತಃ ಪ್ರಾಮಾಣಿಕರು. ಸಾರ್ವಜನಿಕ ಜೀವನಕ್ಕೆ ಹೊಂದದ ಈ ಗುಣದಿಂದಾಗಿ ಅವರು ಎರಡನೆಯ ವಿಡಿಯೋವನ್ನೂ ಗ್ರೂಪಿಗೆ ಹಾಕಿದರು. "ಸೊಸೈಟಿಯ ತುತ್ತದಲ್ಲೂ ತೊಂಬತ್ತು ಗ್ರಾಂ ನೀರು. ಸದಸ್ಯರು ಗಮನಿಸಬೇಕು."

ನಾನೂರಾ ಹನ್ನೆರಡು ಮಂದಿಗೆ ಏಕಕಾಲಕ್ಕೆ ನೆಟ್‌ವರ್ಕ್ ಹೋಯಿತು. ಕಾರ್ತಿಕನ ಫೋನ್ ಮಾತ್ರ ಬಂತು.

"ಎಂತ ಮಾಡಿದ್ರಿ ಭಟ್ರೆ! ತುತ್ತದಲ್ಲಿ ನೀರು ಇದ್ದೇ ಇರ್ತದೆ. ಅದು ವಿಜ್ಞಾನ."

"ಹಾಗಾದ್ರೆ ಸಲಾಂ ಸಾಬ್ರ ಅಂಗಡಿದು?"

"ಅದು ಕಲಬೆರಕೆ."

"ಅದೂ ತೊಂಬತ್ತು, ಇದೂ ತೊಂಬತ್ತು ಮಾರಾಯ! ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿ ಇಲ್ಲ!"

"ಗ್ರಾಂ ಮುಖ್ಯ ಅಲ್ಲ ಭಟ್ರೆ. ಯಾರು ಮಾರ್ತಾರೆ ಅನ್ನೋದು ಮುಖ್ಯ."

"ಅದನ್ನ ತೂಗೋದು ಹೇಗೆ?"

"ನಿಮಗೆ ಅರ್ಥ ಆಗೋದಿಲ್ಲ, ಬಿಡಿ," ಎಂದ ಕಾರ್ತಿಕ. ಐದೇ ನಿಮಿಷದಲ್ಲಿ ವೇದಿಕೆಯು ತನ್ನ ಅಧ್ಯಕ್ಷರನ್ನು ಗ್ರೂಪಿನಿಂದ ಹೊರಹಾಕಿತು. ಸಭೆಯಿಲ್ಲ, ಕಾಫಿಯೂ ಇಲ್ಲ.

ಭಟ್ಟರು ನೆಟ್ಟಗೆ ನಿತೀಶರ ಕಚೇರಿಗೆ ಹೋಗಿ ದೂರು ವಾಪಸ್ ಬೇಕು ಎಂದರು.

"ವಾಪಸ್ ಆಗೋದಿಲ್ಲ," ಎಂದರು ನಿತೀಶ್. "ದೂರು ಒಳಗೆ ಬಂದ್ಮೇಲೆ ವರದಿ ಬರ್ಬೇಕು."

"ತಪ್ಪು ನನ್ನದು ಅಂತ ಬರ್ದು ಕೊಡ್ತೇನೆ."

"ಹಾಗೆ ಬರ್ದ್ರೆ ಸುಳ್ಳು ದೂರು ಅಂತ ನಿಮ್ಮ ಮೇಲೆ ಇನ್ನೊಂದು ಫೈಲು. ಅದಕ್ಕೆ ಅರವತ್ತು ದಿನ. ಇದು ಮುಗೀದೆ ಅದು ಶುರುವಾಗೋದಿಲ್ಲ, ಅದು ಮುಗೀದೆ ಇದನ್ನ ಮುಚ್ಚಲಿಕ್ಕಾಗೋದಿಲ್ಲ."

"ಆ ಮನುಷ್ಯನ ಅಂಗಡಿ ಹೋಗ್ತದಲ್ಲ ಸ್ವಾಮಿ!"

"ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಭಟ್ರೆ."

ಭಟ್ಟರು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅಲ್ಲಿಂದ ಎದ್ದದ್ದು ಒಂದು ಗಂಟೆಯ ನಂತರ, ಜೆರಾಕ್ಸ್ ಅಂಗಡಿಗೆ ಹೋಗಲಿಕ್ಕೆ. ತಮ್ಮದೇ ಹಳೆಯ ದೂರಿನ ನಕಲುಗಳನ್ನು ತೆಗೆಸಿದರು. ಅಂಗಡಿಯ ಹೆಸರಿದ್ದ ಜಾಗಕ್ಕೆ ಬಿಳಿ ಹಚ್ಚಿ, ಒಂದರಲ್ಲಿ ಸೊಸೈಟಿ ಎಂದು ಬರೆದರು. ಶೃಂಗೇರಿಯ ಎರಡು ಅಂಗಡಿಗೆ ಒಂದೊಂದು, ನರಸಿಂಹರಾಜಪುರದ ಮೂರಕ್ಕೆ ಒಂದೊಂದು. ಮಾದರಿ ತರಲು ಆ ಎರಡೂ ಊರಿಗೆ ಬಸ್ಸಿನಲ್ಲಿ ಹೋಗಿಬಂದರು. ಪ್ರತಿಯೊಂದನ್ನೂ ಕಾಯಿಸಿದರು. ಪ್ರತಿಯೊಂದರಲ್ಲೂ ತೊಂಬತ್ತು ಗ್ರಾಂ. ಪದವಿ ಹೋಗಿತ್ತು, ಸ್ಟಾಂಪ್ ಕೈಯಲ್ಲೇ ಇತ್ತು. ಆರಕ್ಕೂ ಒತ್ತಿದರು.

ಜೂನ್ ಮೂರರ ಬೆಳಿಗ್ಗೆ ನಿತೀಶರ ಮೇಜಿನ ಮೇಲೆ ಆರು ದೂರು, ಆರು ಪೊಟ್ಟಣ ಬಿಳಿ ಪುಡಿ.

"ಇದೆಂತ ಭಟ್ರೆ?"

"ಕಲಬೆರಕೆ. ಅದೇ ನೀರು, ಅದೇ ತೂಕ. ಸಲಾಂ ಸಾಬ್ರಿಗೆ ನಾಲ್ಕೇ ದಿನದಲ್ಲಿ ಸೀಲ್ ಹಾಕಿದ್ರಿ. ಸೊಸೈಟಿಗೆ ಯಾವಾಗ ಹೊರಡೋಣ? ಅರಗು ಉಂಟಾ, ತರ್ಲಾ?"

ನಿತೀಶರು ನೀರು ಕುಡಿದರು. ಸೊಸೈಟಿಯ ಗೋದಾಮಿಗೆ, ಅದೂ ಔಷಧಿ ಹೊಡೆಯುವ ಕಾಲದಲ್ಲಿ, ಸೀಲ್ ಹಾಕಿದ ಅಧಿಕಾರಿಗೆ ಮುಂದಿನ ವಾರ ಯಾವ ಊರಿನ ಬಿಸಿಲು ಕಾದಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನೋಡಿ, ಹಾಗೆಲ್ಲ ಆತುರ ಮಾಡ್ಬಾರ್ದು..."

"ಇವತ್ತೇ ರಶೀದಿ ಕೊಡಿ. ಕೊಡದಿದ್ರೆ ಏಳನೇ ದೂರು ನಿಮ್ಮ ಮೇಲೆ. ಜೆರಾಕ್ಸಿನವ ಅಂಗಡಿ ತೆರೆದೇ ಇದ್ದಾನೆ."

ನಿತೀಶರು ಎದ್ದು ಕಿಟಕಿಯ ಬಳಿ ಹೋಗಿ ಫೋನ್ ಹಚ್ಚಿದರು. ಅವರ ದನಿ ಜೇನಿನಲ್ಲಿ ಅದ್ದಿದಂತಿತ್ತು. "ರುಹಿ ಮೇಡಂ ಅಲ್ವಾ? ಆ ಅಣುವಿನ ವಿಷಯ ಇನ್ನೊಂದು ಸಲ ಹೇಳ್ತೀರಾ? ನಿಧಾನಕ್ಕೆ ಹೇಳಿ. ಬರ್ಕೊಳ್ತಾ ಇದ್ದೇನೆ."

ಮಧ್ಯಾಹ್ನ ಹೊರಟ ಆದೇಶದಲ್ಲಿ ಹೀಗಿತ್ತು: "ಸದರಿ ನೀರು ಸದರಿ ವಸ್ತುವಿನ ಹುಟ್ಟಿನಿಂದಲೇ ಬಂದದ್ದಾಗಿದ್ದು, ಸದರಿ ನೀರನ್ನು ಯಾವುದೇ ವ್ಯಕ್ತಿಯು ಬೆರೆಸಿರುವುದಿಲ್ಲವಾದ್ದರಿಂದ ಸದರಿ ಹಳೆಯ ದೂರೂ ಸೇರಿ ಏಳೂ ದೂರುಗಳನ್ನು ಮುಕ್ತಾಯಗೊಳಿಸಿದೆ." ನಲವತ್ತೈದು ದಿನದ ಪ್ರಯೋಗಾಲಯ ಏನಾಯಿತೆಂದು ಯಾರೂ ಕೇಳಲಿಲ್ಲ. ಒಬ್ಬ ಸಲಾಮನಿಗೆ ಅನ್ವಯಿಸದ ರಸಾಯನಶಾಸ್ತ್ರ ಆರು ಅಂಗಡಿಗಳಿಗೆ ಅನ್ವಯಿಸಬೇಕಾಗಿ ಬಂದಾಗ ಅರ್ಧ ದಿನದಲ್ಲಿ ಇಲಾಖೆಗೆ ಅರ್ಥವಾಗಿತ್ತು. ಸಂಜೆ ಮುದ್ರೆ ಒಡೆದರು. ಐದನೇ ತಾರೀಖು ಲೈಸೆನ್ಸ್ ನವೀಕರಣವಾಯಿತು.

ಭಟ್ಟರು ಅಂಗಡಿಗೆ ಹೋಗಿ ಮೆಟ್ಟಿಲ ಕೆಳಗೇ ನಿಂತರು. ಸಲಾಮರು ತಲೆ ಎತ್ತಲಿಲ್ಲ.

"ತಪ್ಪಾಯ್ತು ಸಾಬ್ರೆ."

"ಲೈಸೆನ್ಸ್ ಬಂತು ಭಟ್ರೆ. ಗಿರಾಕಿ ಬರ್ಬೇಕಲ್ಲ? ಆ ಕಾಗದ ಯಾರು ಓದ್ತಾರೆ? ಊರು ನೋಡಿದ್ದು ನಿಮ್ಮ ವಿಡಿಯೋ."

"ನಾನೆಂತ ಮಾಡ್ಲಿ, ಹೇಳಿ."

ಸಲಾಮರು ಒಂದು ಸ್ಟೂಲನ್ನು ಎಳೆದು ಬಾಗಿಲ ಬಳಿ ಇಟ್ಟರು. "ಕೂತ್ಕೊಳ್ಳಿ. ಬಂದವ್ರಿಗೆಲ್ಲ ನೀವೇ ಹೇಳಿ."

ಭಟ್ಟರು ಕೂತರು. ರುಹಿ ಒಂದು ಕಾಗದದಲ್ಲಿ ಎಲ್ಲ ಬರೆದುಕೊಟ್ಟಳು. ಪೇಟೆಯಲ್ಲಿ ಹೋಗುವವರನ್ನು ಭಟ್ಟರು ಕರೆಕರೆದು, ಒಂದು ತಾಮ್ರ, ಒಂದು ಗಂಧಕ, ನಾಲ್ಕು ಆಮ್ಲಜನಕ, ಐದು ನೀರು ಎಂದು ಬೆರಳು ಮಡಿಸಿ ಹೇಳಿದರು. ಕೆಲವರು ಕೇಳಿದರು, ಕೆಲವರು ಅವರ ಆರೋಗ್ಯ ವಿಚಾರಿಸಿದರು. ನಾಲ್ಕು ದಿನದಲ್ಲಿ ಗಂಟಲು ಕೂತಿತು. ಜಲಜಮ್ಮ ಬಿಸಿನೀರು ತಂದುಕೊಟ್ಟಳು, ಹಾಲು ಹಾಕದೆ.

ಐದನೆಯ ದಿನ, ರುಹಿಯೂ ಅಂಗಡಿಯಲ್ಲಿದ್ದಾಗ, ಮುತ್ತಿನಕೊಪ್ಪದಿಂದ ಗೋವಿಂದ ಎಂಬವನು ಬಂದ. ಮೋಡ ದಟ್ಟವಾಗಿತ್ತು. ಅವನಿಗೆ ಇಪ್ಪತ್ತು ಕಿಲೋ ತುತ್ತ ತುರ್ತಾಗಿ ಬೇಕಿತ್ತು, ಸೊಸೈಟಿಯಲ್ಲಿ ಖಾಲಿಯಾಗಿತ್ತು. ಆದರೂ ಹೊಸ್ತಿಲಲ್ಲೇ ನಿಂತು ಒಳಗೆ ಇಣುಕುತ್ತಿದ್ದ.

"ನೀವು ವಿಡಿಯೋದ ಭಟ್ರು ಅಲ್ವಾ? ಇದು ಅದೇ ಅಂಗಡಿ ಅಲ್ವಾ?"

ಭಟ್ಟರು ಒಡೆದ ದನಿಯಲ್ಲಿ ಶುರುಮಾಡಿದರು. ಹರಳು ಕಟ್ಟುವ ಬಗೆ ಹೇಳಿದರು. ಬಿಳಿ ಪುಡಿಗೆ ನೀರು ಹಾಕಿ ನೀಲಿ ಮಾಡಿ ತೋರಿಸಿದರು. ಸೊಸೈಟಿಯದ್ದೂ ಇದೇ, ಶೃಂಗೇರಿಯದ್ದೂ ಇದೇ, ಭೂಮಿಯ ಮೇಲಿನ ಎಲ್ಲ ತುತ್ತವೂ ಇದೇ ಎಂದರು. ಅರ್ಧ ಗಂಟೆಯಾಯಿತು. ಗೋವಿಂದ ಪ್ರತಿಯೊಂದಕ್ಕೂ ತಲೆಯಾಡಿಸಿದ.

"ಗೊತ್ತಾಯ್ತಾ?"

"ಪೂರ್ತಿ ಗೊತ್ತಾಯ್ತು ಭಟ್ರೆ."

"ಅಬ್ಬ!"

"ಒಂದೇ ಕೇಳ್ಬೇಕಿತ್ತು," ಎಂದು ಗೋವಿಂದ ತಲೆ ಕೆರೆದುಕೊಂಡ. "ಆ ಐದು ನೀರು ಹಾಕಿದ್ದು ಯಾರು?"

ಭಟ್ಟರು ಸ್ಟೂಲಿನಿಂದ ಎದ್ದರು. ಕಾಗದವನ್ನು ನೋಡಿದರು, ಮೋಡವನ್ನು ನೋಡಿದರು, ಗಲ್ಲಾದ ಹಿಂದೆ ಕಲ್ಲಿನ ಹಾಗೆ ಕೂತಿದ್ದ ಸಲಾಮರನ್ನು ನೋಡಿದರು.

"ನಾನೇ ಮಾರಾಯ!" ಎಂದು ಇದ್ದಬದ್ದ ಗಂಟಲಿನಲ್ಲಿ ಕಿರುಚಿದರು. "ನಾನೇ ಹಾಕಿದ್ದು, ಈ ನನ್ನ ಕೈಯಾರೆ! ಈಗೆಂತ ಮಾಡ್ತೀಯ?"

ಗೋವಿಂದನ ಮುಖ ಅರಳಿತು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಅಷ್ಟು ಮೊದ್ಲೇ ಹೇಳ್ಬಾರ್ದಾ! ನಿಮ್ಮ ಕೈ ನೀರಾದ್ರೆ ಎಂತ ತೊಂದ್ರೆ? ಸಾಬ್ರೆ, ಇಪ್ಪತ್ತು ಬೇಡ, ನಲವತ್ತು ಕಿಲೋ ಕಟ್ಟಿ. ನಮ್ಮೂರವ್ರಿಗೂ ಹೇಳ್ತೇನೆ."

ರುಹಿ ಬಾಯಿ ತೆರೆದಳು. ಸಲಾಮರು ಕೈಯೆತ್ತಿ ಮಗಳನ್ನು ತಡೆದು, ತಕ್ಕಡಿಯ ಕಡೆ ತಿರುಗಿದರು.